ಗಾಡಿ ಮಾತು: ಎತ್ತುವ ಟಾಪು ತೆಗೆದು ಗಟ್ಟಿ ಟಾಪು ಕೂರಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಎರಡು ವರ್ಷದ ಹಿಂದೆ ಪುಣೆ ಕಡೆಯವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಟಾಟಾ ವಿಂಗರ್ ತಗೊಂಡೆ. ಫ್ಲಾಟ್ ರೂಫ್ ಗಾಡಿ. ಹಿಂದಿನ ಮಾಲೀಕರು ಟಾಪು ಕೊಯ್ಸಿ ಪಾಪ್-ಅಪ್ ಹಾಕಿಸಿ, ಪ್ರವಾಸದಲ್ಲಿ ಒಳಗೇ ಮಲಗುವಂಥ ಕ್ಯಾಂಪರ್ ಮಾಡಿಸಿದ್ದರು. ಟಾಪು ಎತ್ತಿದರೆ ಸುತ್ತಲೂ ಬಟ್ಟೆಯ ಗೋಡೆ, ಮೇಲೆ ಮಕ್ಕಳಿಬ್ಬರಿಗೆ ಹಾಸಿಗೆ. ದಾಂಡೇಲಿ, ಯಾಣ ಎಲ್ಲ ತಿರುಗಿ ಬಂದಿದ್ದೇವೆ. ಹೋದ ಶ್ರಾವಣದಲ್ಲಿ ಮಾಗೋಡಿನ ಕಡೆ ಹೋದಾಗ ರಾತ್ರಿಯಿಡೀ ಜಡಿಮಳೆ, ಹೊಲಿಗೆಯಿಂದ ನೀರು ಜಿನುಗಿ ಮಕ್ಕಳ ಹಾಸಿಗೆ ನೆನೆದುಹೋಯಿತು. ಮನೆಗೆ ಬಂದು ನಾಲ್ಕು ದಿನ ಬಿಟ್ಟು ಬಿಚ್ಚಿದರೆ ಬಟ್ಟೆಗೆಲ್ಲ ಕಪ್ಪು ಬೂಸ್ಟು. ಟಾಪು ಎತ್ತಿ ಹಿಡಿಯುವ ಗ್ಯಾಸ್ ಶಾಕರ್ ಕೂಡ ಒಂದು ಕಡೆಯದು ಸೋತಿದೆ. ಇಲ್ಲಿನ ಗ್ಯಾರೇಜಿನವರೊಬ್ಬರು, ‘ಫೈಬರ್ ಟಾಪು ಹೊಡೆದು, ಸುತ್ತ ಸ್ಕ್ರೂ ಬಿಗಿದು ಸಿಲಿಕಾನ್ ಹಾಕ್ತೀವ್ರಿ, ನಾಕ ದಿನದ ಕೆಲಸ’ ಅಂತಾರೆ. ಮಾಡಿಸಲಾ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಾಡಿಸಬಹುದು. ಆದರೆ ನಾಲ್ಕು ದಿನದಲ್ಲಿ ಅಲ್ಲ. ಸ್ಕ್ರೂ ಮತ್ತು ಸಿಲಿಕಾನ್ ನಂಬಿಕೊಂಡಂತೂ ಬೇಡವೇ ಬೇಡ.

ಮಕ್ಕಳ ಹಾಸಿಗೆ ನೆನೆದದ್ದು ಓದಿ ಬೇಜಾರಾಯಿತು. ನಿಮಗೆ ಸಿಟ್ಟು ಬಂದಿರುವುದು ಬಟ್ಟೆಯ ಮೇಲೆ. ನನಗೆ ಚಿಂತೆ ಇರುವುದು ಆ ಬಟ್ಟೆಯ ಕೆಳಗೆ ಕೊಯ್ದಿರುವ ತೂತಿನದು. ವಿಂಗರ್‌ಗೆ ಲಾರಿ ಥರ ಬೇರೆ ಚಾಸಿ ಇಲ್ಲ, ಅದು ಮಾನೊಕಾಕ್ ಬಾಡಿ. ನೆಲ, ಪಕ್ಕದ ತಗಡು, ಕಂಬ, ಟಾಪು ಎಲ್ಲ ಸೇರಿ ಒಂದೇ ಡಬ್ಬಿ, ಗಾಡಿಯ ಪೂರ್ತಿ ಭಾರ ಹೊರುವುದೂ ಆ ಡಬ್ಬಿಯೇ. ಟಾಪಿನ ತಗಡಿನ ಕೆಳಗೆ ಎಡದಿಂದ ಬಲಕ್ಕೆ ಅಡ್ಡ ಪಟ್ಟಿಗಳಿರುತ್ತವೆ. ಪಾಪ್-ಅಪ್ ಹಾಕುವಾಗ ತಗಡಿನ ಜೊತೆ ಆ ಪಟ್ಟಿಗಳನ್ನೂ ಕೊಯ್ದು ತೆಗೆಯುತ್ತಾರೆ. ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬಿ ಮನೆಯಲ್ಲಿದ್ದರೆ ಮುಚ್ಚಳ ತೆಗೆದು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ, ಆಮೇಲೆ ಮುಚ್ಚಳದ ಅಂಚಿಗೆ ಟೇಪು ಅಂಟಿಸಿ ತಿರುಚಿ ನೋಡಿ. ನಿಮ್ಮ ಗಾಡಿಯ ಸ್ಥಿತಿ ಏನು ಅಂತ ಕೈಗೇ ಗೊತ್ತಾಗುತ್ತದೆ.

ಒಳ್ಳೆಯ ಕೆಲಸಗಾರರು ಕೊಯ್ದ ಜಾಗದ ಸುತ್ತ ಉಕ್ಕಿನ ಫ್ರೇಮ್ ಕೂರಿಸಿ, ಅದನ್ನು ಕಂಬಗಳಿಗೆ ಸೇರಿಸಿ, ಕಳೆದ ಬಲವನ್ನು ಆದಷ್ಟು ವಾಪಸ್ ಕೊಟ್ಟಿರುತ್ತಾರೆ. ಅರ್ಜೆಂಟ್ ಕೆಲಸದವರು ತಗಡಿನ ಅಂಚು ಮಡಚಿ ಅಲ್ಯೂಮಿನಿಯಂ ಆಂಗಲ್‌ಗೆ ರಿವಿಟ್ ಹೊಡೆದು ಬಿಟ್ಟಿರುತ್ತಾರೆ. ನಿಮ್ಮದು ಯಾವುದು ಅಂತ ಮೊದಲು ನೋಡಿ. ಒಳಗಿನ ರೆಗ್ಜಿನ್ ಮತ್ತು ಪ್ಲೈವುಡ್ ಪಟ್ಟಿ ಒಂದಿಷ್ಟು ಬಿಚ್ಚಿಸಿದರೆ ಕಣ್ಣಿಗೇ ಕಾಣುತ್ತದೆ.

ಬಿಚ್ಚದೆಯೂ ಒಂದು ಪರೀಕ್ಷೆ ಮಾಡಬಹುದು. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಸ್ಲೈಡಿಂಗ್ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ, ಅದು ಎಷ್ಟು ಸಲೀಸಾಗಿ ಹೋಗುತ್ತದೆ ಅಂತ ಕೈಗೆ ಅಂದಾಜು ಮಾಡಿಕೊಳ್ಳಿ. ಬಾಗಿಲಿಗೂ ಕಂಬಕ್ಕೂ ನಡುವಿನ ಸಂದಿಯಲ್ಲಿ ಪೋಸ್ಟ್ ಕಾರ್ಡಿನಷ್ಟು ದಪ್ಪದ ರಟ್ಟಿನ ತುಂಡುಗಳನ್ನು ತೂರಿಸಿ ಎಷ್ಟು ಹಿಡಿಯುತ್ತವೆ ಅಂತ ಎಣಿಸಿ. ಈಗ ಹಿಂದಿನ ಎಡಗಡೆ ಚಕ್ರದ ಹತ್ತಿರ ಜ್ಯಾಕ್ ಕೊಟ್ಟು ಚಕ್ರ ನೆಲ ಬಿಡುವವರೆಗೆ ಎತ್ತಿ. ಮತ್ತೆ ಅದೇ ಸಂದಿ, ಅದೇ ರಟ್ಟು. ಮೇಲಿನ ಮೂಲೆಯಲ್ಲಿ ಸಂದಿ ಕಿರಿದಾಗಿ ರಟ್ಟು ಸಿಕ್ಕಿಕೊಂಡರೆ, ಇಲ್ಲವೇ ಬಾಗಿಲು ಕೊನೆಯ ಎರಡಿಂಚಿನಲ್ಲಿ ತಡೆದರೆ, ಬಾಡಿ ತಿರುಚಿಕೊಳ್ಳುತ್ತಿದೆ ಅಂತ ಅರ್ಥ. ಗಾಡಿ ಎತ್ತಿದಾಗ ಒಳಗೆ ಯಾರೂ ಇರಬಾರದು, ಕೆಳಗಂತೂ ಕೈಯೂ ಹೋಗಬಾರದು.

ಕೆಲವು ವರ್ಷದ ಹಿಂದೆ ಹಾವೇರಿ ಕಡೆಯಿಂದ ಇಂಥದೇ ಒಂದು ವ್ಯಾನು ನನ್ನ ಹತ್ತಿರ ಬಂದಿತ್ತು. ಅವರ ತಕರಾರು ಟಾಪಿನದಲ್ಲ, ಮುಂದಿನ ಗಾಜಿನದು. ಕಲ್ಲು ತಾಗದೆ, ಏನೂ ಆಗದೆ ಗಾಜು ಮೂಲೆಯಿಂದ ಸೀಳುತ್ತಿತ್ತು. ಎರಡು ಸಲ ಬದಲಾಯಿಸಿದ್ದರು, ಗಾಜು ಕೂರಿಸಿದವರ ಜೊತೆ ಜಗಳವೂ ಆಗಿತ್ತು. ನಾನು ಮುಂದಿನ ಕಂಬದ ತುದಿಯ ಬಣ್ಣ ಕೆರೆದು ನೋಡಿದೆ. ಕಂಬ ಟಾಪಿಗೆ ಸೇರುವ ಕಡೆ ಸ್ಪಾಟ್ ವೆಲ್ಡಿಂಗ್ ಬಾಯಿ ಬಿಟ್ಟಿತ್ತು, ಉಗುರು ಹೋಗುವಷ್ಟು. ಟಾಪು ಕೊಯ್ದು ಫ್ರೇಮೇ ಹಾಕಿರಲಿಲ್ಲ. ಟಾಪು ಹೊರಬೇಕಾದ ಭಾರವನ್ನು ಪಾಪ ಆ ಗಾಜು ಹೊರುತ್ತಿತ್ತು. ನಿಮ್ಮ ಗಾಡಿಯ ಗಾಜಿನ ಮೂಲೆಗಳನ್ನೂ ಕಂಬದ ತುದಿಗಳನ್ನೂ ಒಮ್ಮೆ ಟಾರ್ಚ್ ಹಿಡಿದು ನೋಡಿಬಿಡಿ.

ಫ್ರೇಮ್ ಇಲ್ಲದಿದ್ದರೆ ಮೊದಲ ಖರ್ಚು ಅದಕ್ಕೇ ಆಗಬೇಕು. ಸ್ಕ್ವೇರ್ ಪೈಪಿನ ಫ್ರೇಮ್ ಮಾಡಿಸಿ, ತೂತಿನ ಸುತ್ತ ಒಂದು ಸುತ್ತು, ಮೇಲೆ ಅಡ್ಡಕ್ಕೆ ಕಡಿಮೆ ಅಂದರೂ ಮೂರು ಪಟ್ಟಿ. ಅಡ್ಡ ಪಟ್ಟಿ ಕಂಬದಿಂದ ಕಂಬಕ್ಕೆ ಬರಬೇಕು, ನಡುವೆ ಬರೀ ತಗಡಿನ ಮೇಲೆ ನಿಂತರೆ ಪ್ರಯೋಜನ ಇಲ್ಲ. ನಿಲ್ಲಲು ಎತ್ತರ ಬೇಕು ಅನ್ನುತ್ತೀರಾ, ಪಟ್ಟಿಗಳನ್ನು ಹೊಸ ಟಾಪಿನ ಆಕಾರಕ್ಕೆ ಬಗ್ಗಿಸಿ ಮೇಲೆ ಒಯ್ಯಬೇಕು. ಬಸ್ ಬಾಡಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಮಾರ್ಕೊಪೋಲೊ ಬಸ್ ಕಾರ್ಖಾನೆ ಬಂದ ಮೇಲೆ ಬಸ್ ಬಾಡಿ ಕೆಲಸ ಕಲಿತ ಕೈಗಳು ನಮ್ಮ ಅವಳಿ ನಗರದಲ್ಲಿ ಜಾಸ್ತಿಯಾಗಿವೆ. ಕಾರಿನ ಡೆಂಟಿಂಗ್-ಪೇಂಟಿಂಗ್ ಮಾಡುವವರಿಗಿಂತ ಅಂಥವರನ್ನು ಹುಡುಕಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಸಿ. ಮುಗಿದ ಮೇಲೆ ಕೊಯ್ದ ಅಂಚಿಗೂ ವೆಲ್ಡಿಂಗ್ ಜಾಗಕ್ಕೂ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಸಿ. ಅಲ್ಲಿ ತುಕ್ಕು ಹಿಡಿದರೆ ಮೇಲಿನಿಂದ ಕಾಣುವುದೇ ಇಲ್ಲ, ಕಂಡಾಗ ಕಾಲ ಮೀರಿರುತ್ತದೆ.

ಈಗ ಸ್ಕ್ರೂ ವಿಷಯ. ಗ್ಯಾರೇಜಿನವರು ಮೋಸ ಮಾಡಲು ಹೇಳಿರಲಿಕ್ಕಿಲ್ಲ, ನೀರಿನ ಟ್ಯಾಂಕು, ಬೋರ್ಡು, ಬಾತ್‌ರೂಮ್ ಬಾಗಿಲಿಗೆ ಅದು ನಡೆಯುತ್ತದೆ. ಗಾಡಿಗೆ ನಡೆಯುವುದಿಲ್ಲ, ಯಾಕೆ ಅಂದರೆ ಬಿಸಿಲಿಗೆ ಫೈಬರ್ ಹಿಗ್ಗುವುದು ಉಕ್ಕಿಗಿಂತ ಸುಮಾರು ಎರಡು ಪಟ್ಟು. ಏಪ್ರಿಲ್‌ನಲ್ಲಿ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಟಾಪಿನ ಕಾವಿನಲ್ಲಿ 40 ಡಿಗ್ರಿ ವ್ಯತ್ಯಾಸ ಆಯಿತು ಅಂತ ಇಟ್ಟುಕೊಳ್ಳಿ. 3 ಮೀಟರ್ ಉದ್ದದ ಉಕ್ಕು ಒಂದೂವರೆ ಮಿಲಿಮೀಟರ್‌ನಷ್ಟು ಹಿಗ್ಗಿದರೆ ಅದೇ ಉದ್ದದ ಫೈಬರ್ 3 ಮಿಲಿಮೀಟರ್ ದಾಟುತ್ತದೆ. ಹೆಚ್ಚುಕಡಿಮೆ 2 ಮಿಲಿಮೀಟರ್ ಎಳೆದಾಟ, ಅದೂ ದಿನಾ. ಬಿಗಿದ ಸ್ಕ್ರೂ ಸುತ್ತ ಕೂದಲೆಳೆಯಂಥ ಬಿರುಕು ಬಂದು, ತೂತು ಅಗಲವಾಗಿ, ಎರಡನೇ ಮಳೆಗಾಲಕ್ಕೆ ನೀವು ಮತ್ತೆ ಹಾಸಿಗೆ ಒಣಗಿಸುತ್ತೀರಿ.

ಅದಕ್ಕೇ ಅಂಟಿಸುವುದು. ಬಸ್ಸಿನ ಗಾಜು ಕೂರಿಸಲು ಬಳಸುವ ಪಿಯು (ಪಾಲಿಯುರೆಥೇನ್) ಅಂಟು, ಒಣಗಿದ ಮೇಲೂ ರಬ್ಬರಿನಂತೆ ಬಳುಕುತ್ತದೆ. ಅದರ ಪದರ 4-5 ಮಿಲಿಮೀಟರ್ ದಪ್ಪ ಉಳಿಯಲೇಬೇಕು, ಟಾಪನ್ನು ಅದುಮಿ ಅದುಮಿ ಅಂಟನ್ನೆಲ್ಲ ಹೊರಗೆ ತಳ್ಳಿದರೆ ಎಳೆದಾಟ ತಡೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ನಾವು ಅಲ್ಲಲ್ಲಿ 5 ಮಿಲಿಮೀಟರ್ ರಬ್ಬರ್ ತುಂಡು ಇಟ್ಟು ಅದರ ಮೇಲೆ ಟಾಪು ಇಳಿಸುತ್ತಿದ್ದೆವು. ಅಂಟುವ ಜಾಗದ ಫೈಬರನ್ನು ಉಜ್ಜಿ ಹೊಳಪು ತೆಗೆಯಬೇಕು, ಎಣ್ಣೆ ಜಿಡ್ಡು ಒರೆಸಬೇಕು, ಅಂಟಿನ ಕಂಪನಿಯದೇ ಪ್ರೈಮರ್ ಹಚ್ಚಬೇಕು. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ, ಹೊರಗಿನಿಂದ ಒಳಕ್ಕೆ ದಿನಕ್ಕೆ 3 ಮಿಲಿಮೀಟರ್ ಆಸುಪಾಸು. ಅಗಲ ಪಟ್ಟಿ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಆ ವಾರ ಗಾಡಿ ಅಲುಗಾಡಬಾರದು. ನಾಲ್ಕು ದಿನ ಸಾಲದು ಅಂದದ್ದು ಇದಕ್ಕೇ. ಹೊರಗೆ ಕಾಣುವ ಅಂಟಿನ ಮೇಲೆ ಬಿಸಿಲು ಬೀಳದಂತೆ ಬಣ್ಣ ಇಲ್ಲವೇ ಬೀಡಿಂಗ್ ಬರಲಿ. ಸಿಲಿಕಾನನ್ನು ಟಾಪಿನ ಹತ್ತಿರಕ್ಕೂ ತರಬೇಡಿ, ಒಮ್ಮೆ ಹಚ್ಚಿದರೆ ಆ ಜಾಗಕ್ಕೆ ಮುಂದೆ ಬಣ್ಣವೂ ಕೂರುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ.

ಟಾಪು ಮಾಡಿಸುವಾಗ ಎಷ್ಟು ಪದರ ಮ್ಯಾಟ್, ಅಂದರೆ ಗಾಜಿನ ನಾರಿನ ಹಾಸು, ಅಂತ ಕೇಳಿ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಆದರೆ ಒಂದು ಪದರಕ್ಕೆ ಸುಮಾರು 1 ಮಿಲಿಮೀಟರ್ ದಪ್ಪ ಬರುತ್ತದೆ, ಮೂರು ಪದರ ಬೇಕು, ಒಳಗೆ ಅಡ್ಡಕ್ಕೂ ಉದ್ದಕ್ಕೂ ಬಲ ಕೊಡುವ ಏಣು (ಉಬ್ಬು ಪಟ್ಟಿ) ಬರಬೇಕು. 3 ಮಿಲಿಮೀಟರ್ ಫೈಬರ್ ಚದರ ಮೀಟರಿಗೆ ನಾಲ್ಕೂವರೆ ಕಿಲೋ ತೂಗುತ್ತದೆ, ನಿಮ್ಮದು 9 ಚದರ ಮೀಟರ್ ಆದರೂ ಏಣು ಸೇರಿ 50 ಕಿಲೋದ ಅಕ್ಕಪಕ್ಕ. ಇನ್ನೂ ದಪ್ಪ ಹಾಕ್ತೀವಿ ಅಂದರೆ ಬೇಡ ಅನ್ನಿ, ಅಷ್ಟೂ ತೂಕ ತಲೆಯ ಮೇಲೆ ಕೂರುತ್ತದೆ. ತಯಾರಾದ ಟಾಪನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಟಣ್ ಅಂದರೆ ಸರಿ, ಎಲ್ಲಾದರೂ ಡಬ್ ಅಂತ ಮಂಕು ಶಬ್ದ ಬಂದರೆ ಒಳಗೆ ಗಾಳಿ ಉಳಿದಿದೆ, ಚಾಕ್‌ಪೀಸಿನಲ್ಲಿ ಗುರುತು ಮಾಡಿ ವಾಪಸ್ ಕೊಡಿ. ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಮಳೆಗಾಲದ ಥಂಡಿಯಲ್ಲಿ ಮ್ಯಾಟಿಗೆ ಹಚ್ಚುವ ರೆಸಿನ್ ಸರಿಯಾಗಿ ಗಟ್ಟಿಯಾಗದೆ ಅಂಟಂಟು ಉಳಿಯುತ್ತದೆ.

ಹಳೆಯ ಟಾಪು ಇಳಿಸುವಾಗ ನಾಲ್ಕು ಜನ ಹಿಡಿದಿರಿ. ಗ್ಯಾಸ್ ಶಾಕರ್ ಒಳಗೆ ಒತ್ತಡ ತುಂಬಿರುತ್ತದೆ, ಟಾಪಿನ ಭಾರ ತೆಗೆದ ತಕ್ಷಣ ಅದು ಜಾಡಿಸಿ ಒದೆಯುತ್ತದೆ. ಅದನ್ನು ಕೊಯ್ಯುವುದು, ಅದರ ಹತ್ತಿರ ವೆಲ್ಡಿಂಗ್ ಮಾಡುವುದು ಎರಡೂ ಅಪಾಯ.

ಎತ್ತರದ ಟಾಪು ಬಂದ ಮೇಲೆ ಗಾಡಿ ಓಡಿಸುವ ರೀತಿ ಬದಲಾಗುತ್ತದೆ. 35 ಸೆಂಟಿಮೀಟರ್ ಏರಿಸಿದರೆ ಗಾಳಿಗೆ ಎದುರಾಗುವ ಮೈ ಅರ್ಧ ಚದರ ಮೀಟರ್ ಜಾಸ್ತಿ. ಪಾಪ್-ಅಪ್ ಮಡಚಿಕೊಂಡು ಓಡುತ್ತಿತ್ತು, ಇದು ಮಡಚುವುದಿಲ್ಲ ನೋಡಿ. ಡೀಸೆಲ್ ಒಂದಿಷ್ಟು ಜಾಸ್ತಿ ಕುಡಿಯುತ್ತದೆ, ವೇಗ ಹೆಚ್ಚಿದಂತೆ ಇನ್ನೂ ಜಾಸ್ತಿ. ಆಷಾಢದಲ್ಲಿ ಗದಗ ರಸ್ತೆ ಹಿಡಿದು ಗಾಳಿಯಂತ್ರಗಳಿರುವ ಬಯಲಿಗೆ ಬಂದಾಗ ಪಕ್ಕದ ಗಾಳಿ ಸ್ಟೇರಿಂಗ್ ಎಳೆಯುತ್ತದೆ, ಅಲ್ಲಿ 60 ದಾಟಬೇಡಿ. ಅರಬೈಲು ಘಟ್ಟದ ತಿರುವುಗಳಲ್ಲೂ ಅಷ್ಟೇ. ನೀರಿನ ಕ್ಯಾನು, ಬ್ಯಾಟರಿ, ಸಿಲಿಂಡರ್ ಎಲ್ಲ ನೆಲದ ಮಟ್ಟದಲ್ಲೇ ಇರಲಿ. ಗಾಡಿಯ ಹೊಸ ಎತ್ತರವನ್ನು ಅಳೆದು ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿ. ರೈಲ್ವೆ ಕೆಳಸೇತುವೆಯ ಮುಂದೆ ನಿಂತು ಲೆಕ್ಕ ಹಾಕುವ ಪಾಡು ಬೇಡ.

ಇನ್ನು ಕಾಗದಪತ್ರ. ಇದನ್ನು ಕೊನೆಗೆ ಬರೆದಿದ್ದೇನೆ, ಆದರೆ ನೀವು ಮಾಡಬೇಕಾದ ಮೊದಲ ಕೆಲಸವೇ ಇದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಂ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಕಂಪನಿಗಳು ಮಾಡುವ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಬೇರೆ ನಿಯಮಾವಳಿಯೇ ಇದೆ, ಅದರಂತೆ ಪರೀಕ್ಷೆಯಾಗಿ ಒಪ್ಪಿಗೆ ಸಿಕ್ಕ ಗಾಡಿಯ ಮಾತು ಬೇರೆ.

ನಿಮ್ಮ ಆರ್‌ಸಿ ತೆಗೆದು ನೋಡಿ. ಅದರಲ್ಲಿ ಮೋಟಾರ್ ಕ್ಯಾರವಾನ್ ಅಂತಲೋ ಕ್ಯಾಂಪರ್ ವ್ಯಾನ್ ಅಂತಲೋ ಇದೆಯಾ, ಅಥವಾ ಇನ್ನೂ ಮೊದಲಿನ ಪ್ಯಾಸೆಂಜರ್ ಗಾಡಿ ಅಂತಲೇ ಇದೆಯಾ? ಎರಡನೆಯದಾದರೆ ಈಗಿರುವ ಪಾಪ್-ಅಪ್ಪೇ ದಾಖಲೆಯಲ್ಲಿಲ್ಲ ಅಂತಾಯಿತು. ಒಂದು ರೂಪಾಯಿ ಅಡ್ವಾನ್ಸ್ ಕೊಡುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ನಕ್ಷೆ ಮತ್ತು ಅಳತೆ ಸಮೇತ ಬರವಣಿಗೆಯಲ್ಲಿ ಕೇಳಿ. ಒಪ್ಪಿಗೆ ಕೊಟ್ಟರೆ, ಕೆಲಸ ಮುಗಿದ 14 ದಿನದೊಳಗೆ ಆರ್‌ಸಿ ಸಮೇತ ತಿಳಿಸಬೇಕು. ವಿಮೆಯವರಿಗೂ ಬರೆದು ತಿಳಿಸಿ. ಒಪ್ಪಿಗೆ ಇಲ್ಲ ಅಂದರೆ ಮಾಡಿಸಬೇಡಿ. ‘ಯಾರ ಕೇಳ್ತಾರ್ರಿ’ ಅನ್ನುವವರು ಗ್ಯಾರೇಜಿನಲ್ಲಿ ಸಿಗುತ್ತಾರೆ, ಅಪಘಾತ ಆದ ದಿನ ಅವರು ಸಿಗುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ತಿರುಗುವ ಗಾಡಿ ಇದು.

ನನ್ನ ಮನಸ್ಸಿನ ಮಾತು ಕೇಳುತ್ತೀರಾದರೆ, ವಿಂಗರ್‌ನಲ್ಲಿ ಕಂಪನಿಯದೇ ಹೈ ರೂಫ್ ಮಾಡೆಲ್ ಬರುತ್ತದೆ. ಫ್ರೇಮ್ ಕೆಟ್ಟಿದೆ, ಕಾಗದವೂ ಸರಿ ಇಲ್ಲ ಅಂತಾದರೆ ಈ ಗಾಡಿಗೆ ಹಣ ಸುರಿಯುವ ಬದಲು ಅಂಥದೊಂದನ್ನು ಹುಡುಕಿ, ಒಳಗಿನ ಮಂಚ, ಅಡುಗೆ ಕಟ್ಟೆ ಬಿಚ್ಚಿ ಅದಕ್ಕೆ ಕೂರಿಸಿಕೊಳ್ಳಿ. ಅದನ್ನೂ ಆರ್‌ಟಿಒದವರಿಗೆ ಕೇಳಿಯೇ ಮಾಡಿ. ಫ್ರೇಮ್ ಗಟ್ಟಿ ಇದೆ, ಒಪ್ಪಿಗೆಯೂ ಸಿಕ್ಕಿತು ಅಂದರೆ ಧೈರ್ಯವಾಗಿ ಮಾಡಿಸಿ.

ಪ್ರಶ್ನೆ: ನಮ್ಮದೂ ಪಾಪ್-ಅಪ್ ವ್ಯಾನು, ದಾಖಲೆ ಎಲ್ಲ ಸರಿ ಇದೆ. ಬೇಸಿಗೆಯಲ್ಲಿ ಬಟ್ಟೆಯ ಕಿಟಕಿ ತೆಗೆದು ಮಲಗಿದರೆ ಆ ಗಾಳಿಯ ಸುಖ ಬೇರೆ, ಹಾಗಾಗಿ ನನಗೆ ಗಟ್ಟಿ ಟಾಪು ಬೇಡ. ಬಟ್ಟೆ ಮಾತ್ರ ಹಳತಾಗಿದೆ. ತಾಡಪತ್ರಿ ಹೊಲಿಯುವವರ ಹತ್ತಿರ ಹೊಲಿಸಬಹುದಾ?
– ಓದುಗರು, ಗದಗ

ಉತ್ತರ: ಧಾರಾಳವಾಗಿ. ನಮ್ಮ ಕಡೆ ಒಣ ಹವೆ ಜಾಸ್ತಿ, ವರ್ಷದಲ್ಲಿ ಬಹಳ ತಿಂಗಳು ಪಾಪ್-ಅಪ್ಪೇ ಸುಖ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಲಾರಿಗೆ ಹಾಕುವ ಪ್ಲಾಸ್ಟಿಕ್ ತಾಡಪತ್ರಿ ಬೇಡ. ಅದು ಹೊರಗಿನ ನೀರು ತಡೆಯುತ್ತದೆ, ಒಳಗಿನ ಉಸಿರಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಬೆಳಗ್ಗೆ ಏಳುವ ಹೊತ್ತಿಗೆ ಗೋಡೆಯೆಲ್ಲ ಬೆವರಿರುತ್ತದೆ. ಟೆಂಟಿನ ಕ್ಯಾನ್ವಾಸ್, ಹತ್ತಿ ಮತ್ತು ಪಾಲಿಯೆಸ್ಟರ್ ಬೆರಕೆಯದು, ಕೇಳಿ ತನ್ನಿ.

ಹಳೆಯ ಬಟ್ಟೆಯನ್ನು ಹರಿಯದೆ ಹೊಲಿಗೆ ಬಿಚ್ಚಿ ಅಚ್ಚಿಗೆ ಇಟ್ಟುಕೊಳ್ಳಿ, ಅಳತೆ ಪಟ್ಟಿಯಿಂದ ಹೊಸದಾಗಿ ಅಳೆಯಲು ಹೋದರೆ ಮೂಲೆಗಳಲ್ಲಿ ಖಂಡಿತ ತಪ್ಪುತ್ತದೆ. ನೀರು ಬರುವುದು ಬಟ್ಟೆಯಿಂದಲ್ಲ, ಸೂಜಿ ತೂತಿನಿಂದ. ಹೊಲಿಗೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಇರುವ ಹೊಲಿಗೆಯ ಮಡಿಕೆ ಕೆಳಮುಖವಾಗಿರಲಿ. ಕೂರಿಸಿದ ಮೇಲೆ ಪೈಪಿನಲ್ಲಿ ನೀರು ಹೊಡೆದು ಪೂರ್ತಿ ನೆನೆಸಿ, ಎತ್ತಿದಂತೆಯೇ ಇಟ್ಟು ಒಣಗಿಸಿ. ಮೊದಲ ಸಲ ನಾಲ್ಕು ಹನಿ ಒಳಗೆ ಬರುತ್ತವೆ, ಹೆದರಬೇಡಿ. ಹತ್ತಿಯ ಎಳೆ ನೆನೆದು ಉಬ್ಬಿ ಸೂಜಿ ತೂತನ್ನು ಮುಚ್ಚಿಕೊಳ್ಳುತ್ತದೆ. ಎರಡು ಸಲ ಹೀಗೆ ಮಾಡಿ.

ನೆನೆದ ಬಟ್ಟೆ ಮಡಚಿ ಬರಬೇಕಾಗಿ ಬಂದರೆ, ಮನೆಗೆ ಬಂದ ದಿನವೇ ಎತ್ತಿ ಒಣಗಿಸಬೇಕು, ನಾಳೆ ನೋಡೋಣ ಅಂದರೆ ಬೂಸ್ಟು ಬಂತು ಅಂತಲೇ ಲೆಕ್ಕ. ಗ್ಯಾಸ್ ಶಾಕರ್ ಬದಲಾಯಿಸುವಾಗ ಅದರ ಮೈಮೇಲೆ ಬರೆದಿರುವ ನ್ಯೂಟನ್ ಅಂಕಿಯನ್ನು ಬರೆದುಕೊಂಡು ಹೋಗಿ, ಎರಡೂ ಕಡೆಯದನ್ನು ಜೋಡಿಯಾಗಿಯೇ ಹಾಕಿ. ಒಂದೇ ಬದಲಾಯಿಸಿದರೆ ಟಾಪು ಓರೆಯಾಗಿ ಏಳುತ್ತದೆ.

ಪ್ರಶ್ನೆ: ಗಟ್ಟಿ ಫೈಬರ್ ಟಾಪು ಇರುವ ವ್ಯಾನಿನ ಒಳಗೆ ಮಧ್ಯಾಹ್ನ ಕೂರಲು ಆಗುವುದಿಲ್ಲ, ಒಲೆಯ ಮುಂದೆ ಕೂತ ಹಾಗೆ. ಒಳಗೆ ಗ್ಲಾಸ್‌ವೂಲ್ ತುಂಬಿಸಲಾ?
– ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಗ್ಲಾಸ್‌ವೂಲ್ ಬೇಡ. ಓಡುವ ಗಾಡಿಯ ಅದುರಾಟಕ್ಕೆ ಅದು ಕೆಳಗೆ ಜರಿಯುತ್ತದೆ, ತೇವ ಹೀರಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ. ನೀರು ಹೀರದ ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ಫೋಮ್ ಹಾಳೆ ಸಿಗುತ್ತದೆ, 20-25 ಮಿಲಿಮೀಟರ್ ದಪ್ಪ ಸಾಕು. ಫೈಬರಿಗೆ ಪೂರ್ತಿ ಅಂಟುವಂತೆ ಹಚ್ಚಿಸಿ, ನಡುವೆ ಗಾಳಿ ಸಂದಿ ಉಳಿದರೆ ಚಳಿಗಾಲದಲ್ಲಿ ಅಲ್ಲೇ ಹನಿಗಟ್ಟುತ್ತದೆ. ಉಕ್ಕಿನ ಅಡ್ಡ ಪಟ್ಟಿಗಳ ಮೇಲೂ ತೆಳು ಹಾಳೆ ಬರಲಿ, ಕಾವು ಒಳಗಿಳಿಯುವ ದಾರಿ ಅವು.

ಹೊರಗಿನ ಬಣ್ಣ ಯಾವುದು ಅಂತ ನೀವು ಬರೆದಿಲ್ಲ. ಬಿಳಿ ಅಲ್ಲದಿದ್ದರೆ ಮೊದಲು ಬಿಳಿ ಮಾಡಿಸಿ, ಅರ್ಧ ಸಮಸ್ಯೆ ಅಲ್ಲೇ ಇಳಿಯುತ್ತದೆ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ತಿದ್ದಿಸಬೇಕು, ಮರೆಯಬೇಡಿ. ಇನ್ನರ್ಧಕ್ಕೆ ಟಾಪಿನಲ್ಲಿ 14 ಇಂಚು ಚೌಕದ ವೆಂಟ್ ಫ್ಯಾನ್ ಕೂರಿಸಿ. ಬಿಸಿ ಗಾಳಿ ಮೇಲೆ ಸೇರಿಕೊಂಡಿರುತ್ತದೆ, ಅದನ್ನು ಹೊರಗೆ ತಳ್ಳಿ ಕೆಳಗಿನ ಕಿಟಕಿಯೊಂದನ್ನು ನೆರಳಿನ ಕಡೆ ನಾಲ್ಕು ಬೆರಳು ತೆಗೆದಿಟ್ಟರೆ ಹತ್ತು ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ತೂತು ಕೊಯ್ಯುವಾಗ ಅಡ್ಡ ಪಟ್ಟಿಗೆ ಗರಗಸ ತಾಗದಂತೆ ನೀವೇ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.